ವಿಗಾರರ ವರ್ಗಾವಣೆ: ನಮ್ಮ ಚರ್ಚಿನಲ್ಲಿ ಹಸ್ತಾಂತರ ಮಾಡಿದ ಬಗೆ

ಕರಾವಳಿಯ ಕಥೋಲಿಕ ಚರ್ಚುಗಳಲ್ಲಿ ಗುರುಗಳ ವರ್ಗಾವಣೆ ನಡೆಯುವುದು ಹೆಚ್ಚಾಗಿ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ. ಶಾಲೆ ಬಾಗಿಲು ತೆರೆಯುವ ಮೊದಲು ಹೊಸ ವಿಗಾರರು (ಚರ್ಚಿನ ಮುಖ್ಯ ಗುರುಗಳು) ಬಂದಿರಬೇಕೆಂಬುದು ಇದರ ಹಿಂದಿನ ಲೆಕ್ಕ, ಏಕೆಂದರೆ ಅನೇಕ ಕಡೆ ಚರ್ಚಿನ ಶಾಲೆಗೆ ಅವರೇ ಸಂಚಾಲಕರು. ಲೆಕ್ಕವೇನೋ ಸರಿ. ಆದರೆ ಅದು ಮದುವೆಗಳ ಕಾಲವೂ ಹೌದು. ಮಳೆ ಬರುವ ಮೊದಲು ಮಾಡಿನ ಹಂಚು ತಿರುಗಿಸುವ ಕೆಲಸವೂ ಆಗಲೇ. ಮುಂಬಯಿ, ಗಲ್ಫ್‌ನಿಂದ ಊರಿಗೆ ಬಂದವರು ಹೊರಡುವ ಮುಂಚೆ ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ಕೇಳಿ ಸಾಲು ನಿಲ್ಲುವುದೂ ಆಗಲೇ. ಪಾಲನಾ ಮಂಡಳಿಯ ಕಡತ ಹಿಡಿದುಕೊಂಡು ಮೂರು ವರ್ಗಾವಣೆಗಳನ್ನು ದಾಟಿಸಿದ ಮೇಲೆ ನಾವು ರೂಢಿಸಿಕೊಂಡ ಕ್ರಮ ಇಲ್ಲಿದೆ. ನಮ್ಮದು ಸುಮಾರು 240 ಕುಟುಂಬಗಳ, 11 ವಾಳೆಗಳ (ವಾರ್ಡುಗಳ), ಸಹಾಯಕ ಗುರುಗಳಿಲ್ಲದ ಚರ್ಚು. ದೊಡ್ಡ ಚರ್ಚಿನವರು ಕೂಡಿಸಿಕೊಳ್ಳಬಹುದು, ಕಳೆಯುವಂಥದ್ದು ಹೆಚ್ಚೇನಿಲ್ಲ.

ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ: ಇವತ್ತು ಈ ಚರ್ಚಿನ ವಿಗಾರ್ ಯಾರು? ವರ್ಗಾವಣೆಯ ಪತ್ರ ಬಂದ ದಿನದಿಂದ ಹಳಬರ ಅಧಿಕಾರ ಮುಗಿಯಿತು ಎಂದು ಕೆಲವರು ತಿಳಿಯುತ್ತಾರೆ. ಬೀಳ್ಕೊಡುಗೆಯ ದಿನ ಮುಗಿಯಿತು ಎನ್ನುವವರೂ ಇದ್ದಾರೆ. ಎರಡೂ ಅಲ್ಲ. 1983ರ ಧರ್ಮಸಭೆಯ ಕಾನೂನಿನ 191ನೇ ಕಲಂ ಪ್ರಕಾರ, ಬೇರೆ ಆದೇಶ ಇಲ್ಲದಿದ್ದರೆ, ವರ್ಗವಾದವರು ಹೊಸ ಜಾಗದಲ್ಲಿ ವಿಧ್ಯುಕ್ತವಾಗಿ ಅಧಿಕಾರ ಸ್ವೀಕರಿಸಿದ ಕ್ಷಣಕ್ಕೆ ಹಳೆಯ ಜಾಗ ತೆರವಾಗುತ್ತದೆ. ಹೊಸಬರ ಅಧಿಕಾರ ಶುರುವಾಗುವುದೂ ಅವರು ಅಧಿಕಾರ ಸ್ವೀಕರಿಸಿದ ಮೇಲೆಯೇ (ಕಲಂ 527). ಈಗ ಗಡಿಯಾರ ನೋಡಿ. ನಮ್ಮ ಫಾದರ್ ಬೆಳಿಗ್ಗೆ 9ಕ್ಕೆ ಅಲ್ಲಿ ಅಧಿಕಾರ ಸ್ವೀಕರಿಸುತ್ತಾರೆ, ಹೊಸಬರು ನಮ್ಮಲ್ಲಿಗೆ ಬರುವುದು ಸಂಜೆ 4ಕ್ಕೆ. ನಡುವಿನ 7 ಗಂಟೆ ಚರ್ಚಿಗೆ ವಿಗಾರ್ ಇಲ್ಲ. ಸಹಾಯಕ ಗುರುಗಳಿದ್ದರೆ 541ನೇ ಕಲಂ ಅವರ ಕೈಗೆ ಚರ್ಚನ್ನು ಕೊಡುತ್ತದೆ. ಇಲ್ಲದಿದ್ದರೆ ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ನಿಯಮ ಸೂಚಿಸಿದ ವಿಗಾರರು ನೋಡಿಕೊಳ್ಳಬೇಕು. ಅವರು ಯಾರೆಂದು ವಲಯದ ಪ್ರಧಾನ ಗುರುಗಳನ್ನು ಕೇಳಿ, ಹೆಸರು ಮತ್ತು ಫೋನ್ ನಂಬರನ್ನು ಎಲ್ಲ 11 ಗುರಿಕಾರರಿಗೆ (ವಾಳೆಗಳ ಮುಖಂಡರಿಗೆ) ಮುಂಚಿತವಾಗಿ ಕೊಡುತ್ತೇವೆ. ಸಾವು ದಿನ ನೋಡಿ ಬರುವುದಿಲ್ಲ. ರೋಗಿಗಳ ಅಭ್ಯಂಗಕ್ಕೆ (ಪವಿತ್ರ ತೈಲ ಹಚ್ಚುವ ಸಂಸ್ಕಾರಕ್ಕೆ) ಯಾರನ್ನು ಕರೆಯಬೇಕೆಂದು ರಾತ್ರಿ 2 ಗಂಟೆಗೆ ಹುಡುಕುತ್ತ ಕೂರುವಂತಾಗಬಾರದು.

ಈ ಖಾಲಿ ಅವಧಿಯಲ್ಲಿ ನಿಜವಾಗಿ ಅಪಾಯವಿರುವುದು ಮದುವೆಗೆ. ಯಾವ ಗುರುಗಳಾದರೂ ಬಂದು ಬಲಿಪೂಜೆ ಅರ್ಪಿಸಬಹುದು, ಆದರೆ ಮದುವೆ ಸಿಂಧುವಾಗಬೇಕಾದರೆ ನಡೆಸುವವರು ಅಲ್ಲಿಯ ವಿಗಾರ್ ಆಗಿರಬೇಕು, ಇಲ್ಲವೇ ಅವರಿಂದ ಅಥವಾ ಧರ್ಮಾಧ್ಯಕ್ಷರಿಂದ (ಬಿಷಪರಿಂದ) ಅಧಿಕಾರ ಪಡೆದಿರಬೇಕು. ವಧುವಿನ ಚಿಕ್ಕಪ್ಪ ಗುರುಗಳು, ಅವರೇ ಮದುವೆ ನಡೆಸಲಿ ಎಂಬುದು ನಮ್ಮಲ್ಲಿ ತೀರಾ ಸಾಮಾನ್ಯ. "ಫಾದರ್ ಹೂಂ ಅಂದಿದ್ದಾರೆ" ಎಂಬ ಬಾಯಿಮಾತಿನ ಮೇಲೆ ಅದು ನಡೆದುಹೋಗುತ್ತದೆ. ಹೂಂ ಅಂದ ಫಾದರ್ ಆ ಹೊತ್ತಿಗೆ ಇನ್ನೊಂದು ಊರಿನಲ್ಲಿರುತ್ತಾರೆ. ಇದಕ್ಕೆ ನಾವು ಕಂಡುಕೊಂಡ ದಾರಿ ಸುಲಭದ್ದು. ಪತ್ರ ಬಂದ ವಾರವೇ ಮುಂದಿನ 45 ದಿನಗಳ ಮದುವೆಗಳ ಪಟ್ಟಿ ತೆಗೆದು, ಒಂದೊಂದಕ್ಕೂ ನಡೆಸುವ ಗುರುಗಳ ಹೆಸರು, ವಧೂವರರ ಹೆಸರು, ತಾರೀಖು ಹಾಕಿ ಲಿಖಿತ ಅಧಿಕಾರಪತ್ರ ಬರೆಸಿ ಸಹಿ ಮಾಡಿಸುತ್ತೇವೆ. ಹೀಗೆ ಕೊಟ್ಟ ಅಧಿಕಾರ, ಪತ್ರದಲ್ಲೇ ಬೇರೆ ಷರತ್ತು ಹಾಕದ ಹೊರತು, ಕೊಟ್ಟವರು ಹುದ್ದೆ ಬಿಟ್ಟರೂ ಬಿದ್ದುಹೋಗುವುದಿಲ್ಲ (ಕಲಂ 142). ಒಂದು ಪ್ರತಿ ಮದುವೆಯ ಕಡತಕ್ಕೆ, ಒಂದು ಆ ಗುರುಗಳ ಕೈಗೆ. ಮದುವೆಗೆ ಅಡ್ಡಿಯಿದ್ದರೆ ತಿಳಿಸಿ ಎಂದು ಚರ್ಚಿನಲ್ಲಿ ಓದುವ ಮೂರು ಭಾನುವಾರದ ಪ್ರಕಟಣೆಗಳಲ್ಲಿ ಎಷ್ಟು ಓದಿಯಾಗಿದೆ ಎಂದೂ ಕಡತದ ಮೇಲೆ ಬರೆದಿಡಬೇಕು. ಹಳಬರು ಎರಡು ಓದಿ, ಹೊಸಬರು ಮತ್ತೆ ಒಂದರಿಂದ ಶುರು ಮಾಡಿದರೆ ಮದುವೆ ಮನೆಯವರ ಗತಿ ಏನು?

ರಿಜಿಸ್ಟರುಗಳಿಗೆ ಒಂದು ಪೂರ್ತಿ ಶನಿವಾರ ಬೇಕು. ಜ್ಞಾನಸ್ನಾನ, ಮದುವೆ, ಮರಣ ಈ ಮೂರು ಪುಸ್ತಕ ಎಲ್ಲ ಚರ್ಚಿನಲ್ಲೂ ಇರಲೇಬೇಕು. ದೃಢೀಕರಣದ್ದು, ಮೊದಲ ಪರಮಪ್ರಸಾದದ್ದು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ), ಕುಟುಂಬಗಳದ್ದು, ಸ್ಮಶಾನದ್ದು ಬೇರೆ. ಪ್ರತಿ ಪುಸ್ತಕದ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು, ಕ್ರಮಸಂಖ್ಯೆ ಮತ್ತು ತಾರೀಖು ಬರೆದು ಹೊರಡುವ ವಿಗಾರರ ಸಹಿ ಹಾಕಿಸುತ್ತೇವೆ. ತೊಂದರೆ ಇರುವುದು ಬರೆದ ಪುಟದಲ್ಲಲ್ಲ, ಬರೆಯದೆ ಉಳಿದ ಚೀಟಿಗಳಲ್ಲಿ. ಮೇಜಿನ ಡ್ರಾಯರಿನಲ್ಲಿ, ಪೂಜಾಪುಸ್ತಕದ ನಡುವೆ, ಫಾದರ್ ಫೋನಿನ ವಾಟ್ಸ್‌ಆ್ಯಪಿನಲ್ಲಿ "ಆಮೇಲೆ ಬರೆಯೋಣ" ಎಂದಿಟ್ಟ ಜ್ಞಾನಸ್ನಾನಗಳಿರುತ್ತವೆ. ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ತಂದೆ ತಾಯಿ, ದೇವಮಾತಾಪಿತರು, ನಡೆಸಿದವರು, ಜ್ಞಾನಸ್ನಾನದ ದಿನ ಮತ್ತು ಸ್ಥಳ, ಇಷ್ಟೂ ಆ ಶನಿವಾರವೇ ಪುಸ್ತಕಕ್ಕೆ ಇಳಿಯಬೇಕು. ಹದಿನೆಂಟು ವರ್ಷದ ನಂತರ ಆ ಮಗು ಬಂದು ಸರ್ಟಿಫಿಕೇಟ್ ಕೇಳಿದಾಗ ನೆನಪಿಟ್ಟವರು ಯಾರೂ ಇರುವುದಿಲ್ಲ.

ಇನ್ನೊಂದು ಬಾಕಿಯನ್ನು ಹುಡುಕಿಯೇ ತೆಗೆಯಬೇಕು. ನಮ್ಮಲ್ಲಿ ಮದುವೆಯಾದವರ ಜ್ಞಾನಸ್ನಾನ ಬೇರೆ ಚರ್ಚಿನಲ್ಲಾಗಿದ್ದರೆ ಅಲ್ಲಿಗೆ ತಿಳಿಸಿ, ಅಲ್ಲಿಯ ರಿಜಿಸ್ಟರಿನ ಅಂಚಿನಲ್ಲಿ ಬರೆಸಬೇಕು (ಕಲಂ 1122). ಕಳುಹಿಸಿದ್ದಕ್ಕೆ ಮದುವೆಯ ಪುಸ್ತಕದಲ್ಲಿ ಗುರುತು ಇರದಿದ್ದರೆ ಕಳುಹಿಸಿಲ್ಲವೆಂದೇ ಹಿಡಿದು ಮತ್ತೆ ಕಳುಹಿಸುವುದು ಕ್ಷೇಮ. ಸರಕಾರದ ಬಾಕಿಯೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 30ನೇ ಕಲಂ ಪ್ರಕಾರ ಕಥೋಲಿಕ ಗುರುಗಳು ನಡೆಸಿದ ಮದುವೆಗಳ ವಿವರ ಮೂರು ತಿಂಗಳಿಗೊಮ್ಮೆ ರಿಜಿಸ್ಟ್ರಾರ್ ಜನರಲ್ ಅವರಿಗೆ ಹೋಗಬೇಕು. ಏಪ್ರಿಲ್‌ನಿಂದ ಜೂನ್‌ವರೆಗಿನ ಕಂತು ಸರಿಯಾಗಿ ವರ್ಗಾವಣೆಯ ಎರಡೂ ಬದಿಗೆ ಹರಿದು ಹಂಚಿಹೋಗುತ್ತದೆ. ಹಳಬರು "ಹೊಸಬರು ಕಳುಹಿಸುತ್ತಾರೆ" ಎನ್ನುತ್ತಾರೆ, ಹೊಸಬರು "ಅದು ನನ್ನ ಕಾಲದ ಮದುವೆಗಳಲ್ಲ" ಎನ್ನುತ್ತಾರೆ. ಹೊರಡುವವರ ಕೈಯಿಂದಲೇ ಅವರ ಕಾಲದ್ದನ್ನು ಬರೆಸಿ, ಸಹಿ ಮಾಡಿಸಿ ಇಟ್ಟುಕೊಂಡು, ತ್ರೈಮಾಸಿಕ ಮುಗಿದಾಗ ಉಳಿದದ್ದನ್ನು ಸೇರಿಸುತ್ತೇವೆ.

ಒಂದು ಕೆಟ್ಟ ಅಭ್ಯಾಸದ ಬಗ್ಗೆ ಮುಲಾಜಿಲ್ಲದೆ ಹೇಳಬೇಕು. ಜನರಿಗೆ ತೊಂದರೆಯಾಗದಿರಲಿ ಎಂದು ಖಾಲಿ ಸರ್ಟಿಫಿಕೇಟುಗಳಿಗೆ ಸಹಿ, ಮೊಹರು ಹಾಕಿ ಬಿಟ್ಟುಹೋಗುವುದು. ಉದ್ದೇಶ ಒಳ್ಳೆಯದೇ, ಆದರೆ ತಾರೀಖು ಬಿದ್ದ ದಿನ ಸಹಿ ಮಾಡಿದವರು ಇಲ್ಲಿಯ ವಿಗಾರರಲ್ಲ. ಪಾಸ್‌ಪೋರ್ಟಿಗೋ ಇನ್ನೊಂದು ಧರ್ಮಪ್ರಾಂತ್ಯದ ಮದುವೆಗೋ ಹೋದ ಕಾಗದ ಹಾಗೇ ವಾಪಸ್ ಬರುತ್ತದೆ. ಮೊಹರು ಅಲ್ಮೇರಾದಲ್ಲಿರಲಿ, ಅರ್ಜಿಗಳು ಒಂದು ಫೈಲಿನಲ್ಲಿ ಕಾಯಲಿ.

ಇನ್ನು ಜನ ಬರೆಸಿದ ಪೂಜೆಗಳು. ವರ್ಷಾಂತಿಕಕ್ಕೆ, ಮದುವೆಯ ವಾರ್ಷಿಕಕ್ಕೆ, ಪರೀಕ್ಷೆಗೆ, ಹರಕೆಗೆ ಎಂದು ಮುಂದಿನ ತಿಂಗಳುಗಳಿಗೂ ಬರೆಸಿರುತ್ತಾರೆ, ಹಣವನ್ನೂ ಕೊಟ್ಟಿರುತ್ತಾರೆ. ಒಂದು ವರ್ಷದೊಳಗೆ ತಾವೇ ಅರ್ಪಿಸಿ ಮುಗಿಸಲಾಗದಷ್ಟು ಕೋರಿಕೆಗಳನ್ನು ಯಾವ ಗುರುವೂ ಸ್ವೀಕರಿಸುವಂತಿಲ್ಲ, ಎಲ್ಲವನ್ನೂ ಬರೆದಿಡುವ ಪ್ರತ್ಯೇಕ ಪುಸ್ತಕವೂ ಇರಬೇಕು. ಹಸ್ತಾಂತರದ ದಿನದಿಂದ ಮುಂದಕ್ಕಿರುವ ಕೋರಿಕೆಗಳನ್ನು ಎಣಿಸಿ, ಅಷ್ಟರ ಹಣವನ್ನು ಬೇರೆ ಲಕೋಟೆಯಲ್ಲಿ, ಮೇಲೆ ಸಂಖ್ಯೆ ಬರೆದು, ಹೊಸಬರಿಗೆ ಒಪ್ಪಿಸಬೇಕು. 63 ಪೂಜೆ ಎಂದರೆ 63ರ ಹಣ. ಇದು ಚರ್ಚಿನ ಆದಾಯವಲ್ಲ, ಹೊರಡುವವರ ಸಂಭಾವನೆಯೂ ಅಲ್ಲ, ತೀರಿಸಬೇಕಾದ ಋಣ. ಚರ್ಚಿನ ಲೆಕ್ಕದಲ್ಲಿ ಬೆರೆಸಿದರೆ ಜುಲೈಯಲ್ಲಿ ಯಾವುದೋ ಅಜ್ಜಿ ಬಂದು "ನನ್ನ ಗಂಡನ ಹೆಸರು ಓದಲಿಲ್ಲ" ಎನ್ನುತ್ತಾರೆ, ಮತ್ತು ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ಭಾನುವಾರದ ಒಂದು ಪೂಜೆಯನ್ನು ವಿಗಾರರು ತಮ್ಮ ಇಡೀ ಜನರಿಗಾಗಿ ಅರ್ಪಿಸಬೇಕಾದ್ದರಿಂದ (ಕಲಂ 534) ಆ ಹೊತ್ತಿಗೆ ಖಾಸಗಿ ಕೋರಿಕೆ ಬರೆಸಿಕೊಳ್ಳಬಾರದು. ಗಡಿಬಿಡಿಯ ವಾರದಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ, ಎಲ್ಲ ಸಂಸ್ಥೆಗಳಲ್ಲೂ ಇದು ಒಂದೇ. ಹಣಕಾಸು ಸಮಿತಿಯ ಎದುರು ನಗದು ಎಣಿಕೆ, ಪಾಸ್‌ಬುಕ್, ಠೇವಣಿ ರಸೀದಿ, ಕೊಡಬೇಕಾದ ಬಿಲ್ಲು. ಬ್ಯಾಂಕಿನಲ್ಲಿ ಸಹಿ ಬದಲಿಸಲು ಸಮಿತಿಯ ನಿರ್ಣಯ, ನೇಮಕಾತಿ ಪತ್ರದ ಪ್ರತಿ, ಹೊಸಬರ ಪ್ಯಾನ್, ಆಧಾರ್, ಫೋಟೊ ಬೇಕು. ಎರಡು ವಾರ ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟರೊಳಗೆ ಬರುವ ಸಂಬಳ, ಕರೆಂಟ್ ಬಿಲ್ಲುಗಳನ್ನು ಹಳೆಯ ಸಹಿಯಲ್ಲಿ ಮುಂಚೆಯೇ ತೀರಿಸಿಬಿಡುವುದು ಒಳಿತು. ಹೊಸಬರ ಫೋನಿಗೆ ಒಟಿಪಿ ಬರುವಂತೆ ಬದಲಿಸಲು ಮರೆತರೆ ತಿಂಗಳುಗಟ್ಟಲೆ ಹಳಬರಿಗೆ ಕರೆ ಮಾಡಿ ಒಟಿಪಿ ಕೇಳುತ್ತಿರಬೇಕಾಗುತ್ತದೆ. ಚರ್ಚಿನ ಇಮೇಲ್, ಯೂಟ್ಯೂಬ್ ಚಾನೆಲ್, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ವಿಷಯವೂ ಇದೇ.

ಸ್ಥಿರ ಚರ ಸೊತ್ತುಗಳ ಪಟ್ಟಿಯ ಒಂದು ಪ್ರತಿ ಚರ್ಚಿನಲ್ಲಿ, ಇನ್ನೊಂದು ಧರ್ಮಾಧ್ಯಕ್ಷರ ಕಚೇರಿಯಲ್ಲಿ ಇರಬೇಕೆಂಬುದು ಕಾನೂನು (ಕಲಂ 1283). ನಮ್ಮ ಜಗಳಗಳೆಲ್ಲ ಹುಟ್ಟಿದ್ದು "ಇದು ಫಾದರ್‌ದೋ ಚರ್ಚಿನದೋ" ಎಂಬಲ್ಲಿ. ದಾನಿಗಳು ಕೊಟ್ಟ ಇನ್ವರ್ಟರ್, ಯಾರೋ ತಂದ ಪೂಜಾವಸ್ತ್ರ, ಬೈಕು, ಪುಸ್ತಕದ ಕಪಾಟು, ಬಂಗಲೆಯ (ಗುರುಗಳ ನಿವಾಸದ) ನಾಯಿ. ಈಗ ವಸ್ತು ಬಂದ ದಿನವೇ ಯಾರಿಗೆ ಕೊಟ್ಟದ್ದು ಎಂದು ಬರೆದಿಡುತ್ತೇವೆ. ನಾಯಿ ಮಾತ್ರ ಪ್ರತಿ ಸಲವೂ ತಾನೇ ನಿರ್ಧರಿಸುತ್ತದೆ. ಮೂರ್ತಿಗಳ ಚಿನ್ನವನ್ನು ತೂಕ ಮಾಡಿ ಬರೆಯಿರಿ, "ಒಂದು ಸರ" ಎಂದು ಬರೆದರೆ ಸಾಲದು. ಪರಮಪ್ರಸಾದ ಪೆಟ್ಟಿಗೆಯ ಬೀಗದ ಕೈಯನ್ನು ಉಳಿದ ಗೊಂಚಲಿಗೆ ಸೇರಿಸದೆ, ಗುರುಗಳಿಂದ ಗುರುಗಳಿಗೇ ಒಪ್ಪಿಸಬೇಕು. ಮೂರು ಪವಿತ್ರ ತೈಲಗಳ ಬಾಟಲಿಗಳ ಮೇಲೆ ಹೆಸರು ಅಳಿಸಿದ್ದರೆ ಹೊಸ ಚೀಟಿ ಅಂಟಿಸಿ.

ಇದೆಲ್ಲ ಕಾಗದದ ಮಾತಾಯಿತು. ಜನರಿಗೆ ಬದಲಾವಣೆ ಕಾಣುವುದು ಪೀಠದ ಸುತ್ತ. ಕಾಣಿಕೆ ಮೆರವಣಿಗೆ ಯಾವ ಭಾನುವಾರ, ಕನ್ನಡ ಪೂಜೆ ಯಾವಾಗ, ಕೊಂಕಣಿ ಯಾವಾಗ, ಕೀರ್ತನೆ ಹಾಡುವುದೋ ಓದುವುದೋ, ಪ್ರಕಟಣೆ ಯಾರು ಓದುತ್ತಾರೆ, ಮರಣದ ಗಂಟೆ ಹೇಗೆ ಬಾರಿಸುತ್ತಾರೆ, ಮೊದಲ ಶುಕ್ರವಾರ ಎಷ್ಟು ಮನೆಗಳ ರೋಗಿಗಳಿಗೆ ಪರಮಪ್ರಸಾದ ಹೋಗುತ್ತದೆ. ಊರಿನವರಿಗೆ ಬಾಯಿಪಾಠವಾಗಿರುವ ಇವನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ, ಮಾಡದಿದ್ದಾಗ ಮಾತ್ರ ಎಲ್ಲರೂ ಹೇಳುತ್ತಾರೆ. ಗಾಯನ ವೃಂದ, ಪೀಠಸೇವಕರು, ಗಂಟೆ ಬಾರಿಸುವವರು, ಧರ್ಮಭಗಿನಿಯರು ಕೂತು ಎರಡು ಪುಟದಲ್ಲಿ ಬರೆದದ್ದನ್ನು ಸಕ್ರಿಸ್ತಿಯ (ಪೂಜೆಗೆ ಸಿದ್ಧವಾಗುವ ಕೋಣೆಯ) ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇವೆ. "ಹೀಗೇ ಆಗಬೇಕು" ಎಂದಲ್ಲ, "ಈಗ ಹೀಗಿದೆ" ಎಂದು. ಈ ವ್ಯತ್ಯಾಸವನ್ನು ಮೇಲ್ಗಡೆಯೇ ಬರೆದಿದ್ದೇವೆ, ಏಕೆಂದರೆ ಬದಲಿಸುವ ಹಕ್ಕು ಅವರದು. ಪಾಲನಾ ಮಂಡಳಿಯದು ಸಲಹೆ ಮಾತ್ರ.

ಪೂಜೆಯಲ್ಲಿ ಹೆಸರು ಹೇಳುವುದು ಪೋಪರದು ಮತ್ತು ಧರ್ಮಾಧ್ಯಕ್ಷರದು, ವಿಗಾರರದಲ್ಲ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡು ಮೇ 8ರಂದು 14ನೇ ಲಿಯೋ ಆಯ್ಕೆಯಾಗುವ ತನಕ ಪೋಪರ ಹೆಸರಿನ ಜಾಗ ಖಾಲಿಯಿತ್ತು. ಆಗ ಪೀಠದ ಮೇಲಿನ ಪುಸ್ತಕಕ್ಕೆ ಸಣ್ಣ ಚೀಟಿ ಅಂಟಿಸಿದ್ದು ಉಪಯೋಗಕ್ಕೆ ಬಂತು. ಬೇರೆ ಧರ್ಮಪ್ರಾಂತ್ಯದಿಂದ ಬಂದ ಅತಿಥಿ ಗುರುಗಳಿಗೂ ಇಲ್ಲಿಯ ಧರ್ಮಾಧ್ಯಕ್ಷರ ಹೆಸರು ಆ ಚೀಟಿಯಲ್ಲೇ ಸಿಗುತ್ತದೆ.

ಬೀಳ್ಕೊಡುಗೆಯ ಭಾಷಣಗಳನ್ನು ಪ್ರಬೋಧನೆಯ ಜಾಗಕ್ಕೆ ತರಬೇಡಿ, ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿರಲಿ. ಮಂಡಳಿಯ ಪರವಾಗಿ ಒಬ್ಬರು, ಯುವಜನರಲ್ಲೊಬ್ಬರು, ಮಕ್ಕಳಲ್ಲೊಬ್ಬರು, ಒಟ್ಟು 20 ನಿಮಿಷ ಸಾಕು. ಹಿಂದಿನವರೊಂದಿಗೆ ಹೋಲಿಸಿ ಹೊಗಳುವವರ ಕೈಗೆ ಮೈಕ್ ಹೋಗದಂತೆ ನೋಡಿಕೊಳ್ಳಿ. ವಾಳೆಗಳಿಂದ ಸಂಗ್ರಹಿಸಿದ ಕಾಣಿಕೆಯ ಲೆಕ್ಕ ಬೇರೆಯೇ ಇರಲಿ. "ವರ್ಗಾವಣೆ ರದ್ದು ಮಾಡಿ" ಎಂದು ಸಹಿ ಸಂಗ್ರಹಿಸುವ ಚಾಳಿಗೆ ನಮ್ಮ ಮಂಡಳಿ ಒಮ್ಮೆಯೂ ಮೊಹರು ಹಾಕಿಲ್ಲ. ಬರುವವರು ಆ ಸಹಿಗಳನ್ನು ತಮ್ಮ ವಿರುದ್ಧ ಎಂದೇ ಓದಿಕೊಳ್ಳುತ್ತಾರೆ.

ಅಧಿಕಾರ ಸ್ವೀಕಾರದ ಪೂಜೆಯನ್ನು ಧರ್ಮಾಧ್ಯಕ್ಷರು ಅಥವಾ ಅವರು ನೇಮಿಸಿದ ಗುರುಗಳು ನಡೆಸುತ್ತಾರೆ. ನೇಮಕಾತಿ ಪತ್ರದ ವಾಚನ, ವಿಶ್ವಾಸ ಪ್ರಕಟಣೆ, ನಿಷ್ಠೆಯ ಪ್ರಮಾಣ, ಗುರುದೀಕ್ಷೆಯ ವಾಗ್ದಾನಗಳ ನವೀಕರಣ ಇರುತ್ತವೆ. ಪರಮಪ್ರಸಾದ ಪೆಟ್ಟಿಗೆ, ಜ್ಞಾನಸ್ನಾನದ ಜಾಗ, ಪಾಪನಿವೇದನೆಯ ಪೀಠಗಳಿಗೆ ಹೊಸಬರನ್ನು ಕರೆದೊಯ್ಯುವ ಪದ್ಧತಿಯೂ ಉಂಟು, ಅಷ್ಟು ಓಡಾಟಕ್ಕೆ ದಾರಿ ಖಾಲಿ ಬಿಡಬೇಕು. ಹೂಕುಂಡಗಳು ಅಲ್ಲೇ ಅಡ್ಡ ಬರುತ್ತವೆ. ಜನ ಊಟಕ್ಕೆ ಚದುರುವ ಮೊದಲು ಅಧಿಕಾರ ಸ್ವೀಕಾರದ ದಾಖಲೆಗೆ ಸಹಿ ಆಗಲಿ.

ಆಮೇಲಿನ 40 ದಿನ ಮಂಡಳಿಯವರು ಯಾರೂ ದೂರು ಹಿಡಿದು ಬಂಗಲೆಯ ಮೆಟ್ಟಿಲು ಹತ್ತಬಾರದು ಎಂದು ನಾವೇ ಮಾಡಿಕೊಂಡ ನಿಯಮ. ಮೊದಲು ಹೋದವರ ಮಾತೇ ಸತ್ಯವಾಗಿ ಉಳಿದುಬಿಡುತ್ತದೆ. ಮನೆಭೇಟಿ ಹಾಸಿಗೆ ಹಿಡಿದವರಿಂದ ಶುರು. ಜೂನ್ ಜುಲೈ ಮಳೆಗೆ ಗದ್ದೆಯಂಚಿನ ದಾರಿಗಳಲ್ಲಿ ಸಂಜೆಗೆ 5 ಮನೆ ಆದರೆ ಹೆಚ್ಚಾಯಿತು, ಗುರಿಕಾರರು ಜೊತೆಗಿರಬೇಕು. ಉಳಿದ ವಾಳೆಗಳು ಮಳೆ ಇಳಿದ ಮೇಲೆ.

ಅಷ್ಟರಲ್ಲಿ ಮೊಂತಿ ಹಬ್ಬ (ಮರಿಯಮ್ಮನವರ ಜನ್ಮದಿನದ, ಹೊಸ ತೆನೆಯ ಹಬ್ಬ) ಬಂದಿರುತ್ತದೆ, ಹೊಸಬರ ಮೊದಲ ದೊಡ್ಡ ಆಚರಣೆ ಅದೇ. ಆಗಸ್ಟ್ 30ಕ್ಕೆ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಶುರು, ಸೆಪ್ಟೆಂಬರ್ 8ಕ್ಕೆ ಹಬ್ಬ. ತೆನೆ ಯಾರ ಗದ್ದೆಯದು, ಗದ್ದೆ ಬಿಟ್ಟವರು ಹೆಚ್ಚಾದ್ದರಿಂದ ಎಲ್ಲಿಂದ ತರಿಸುವುದು, ಕುಟುಂಬಕ್ಕೊಂದರಂತೆ 240ರ ಮೇಲೆ ಎಷ್ಟು ಹೆಚ್ಚುವರಿ, ಮಕ್ಕಳ ಹೂವಿನ ಸಾಲು ಯಾವ ಬಾಗಿಲಿನಿಂದ, ಮಳೆ ಬಂದರೆ ಆಶೀರ್ವಾದ ಎಲ್ಲಿ, ಕಬ್ಬಿನ ಖರ್ಚು ಯಾರದು. ಇಷ್ಟನ್ನು ಬರೆದ ಒಂದು ಹಾಳೆಯನ್ನು ಜುಲೈ 15ರೊಳಗೆ ವಿಗಾರರ ಮೇಜಿನ ಮೇಲಿಡುತ್ತೇವೆ.