ರಾಗಿ ಹುಲ್ಲನ್ನು ಹೊಲದಲ್ಲಿ ಬಿಡಿ ಅನ್ನುವ ಮೊದಲು ಹಸುವಿನ ಮೇವು ನೋಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮಳೆಯಾಶ್ರಿತ ರೈತರಿಗೆ "ರಾಗಿ ಹುಲ್ಲನ್ನು ಹೊಲದಲ್ಲೇ ಬಿಡಿ, ಮಣ್ಣಿಗೆ ಒಳ್ಳೆಯದು" ಅಂದರೆ ಯಾರೂ ಕೇಳುವುದಿಲ್ಲ. ಯಾಕೆ ಕೇಳಬೇಕು? ಇಲ್ಲಿ ಹುಲ್ಲಿಗಾಗಿಯೇ ರಾಗಿ ಹಾಕುವವರಿದ್ದಾರೆ. ಬಣವೆ ಕರಗಿದರೆ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಹಾಲು ಇಳಿದರೆ ಡೇರಿ ದುಡ್ಡಿನಲ್ಲಿ ನಡೆಯುವ ಸಂಸಾರ ಒದ್ದಾಡುತ್ತದೆ. ಹಾಗಾಗಿ ನಿಮ್ಮೂರಲ್ಲಿ ಸಂರಕ್ಷಣಾ ಕೃಷಿ ಹಬ್ಬಿಸಬೇಕು ಅಂತಿದ್ದರೆ ಕೆಲಸವನ್ನು ಕೊಟ್ಟಿಗೆಯಿಂದ ಶುರು ಮಾಡಿ.

ಸಂರಕ್ಷಣಾ ಕೃಷಿಯಲ್ಲಿ ಇರುವುದು ಮೂರೇ ವಿಷಯ. ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು, ನೆಲವನ್ನು ಬೆತ್ತಲೆ ಬಿಡಬಾರದು (ಕನಿಷ್ಠ ಶೇ 30ರಷ್ಟಾದರೂ ಮುಚ್ಚಿರಬೇಕು), ಒಂದೇ ಬೆಳೆಗೆ ಅಂಟಿಕೊಳ್ಳದೆ ಬದಲಿಸಬೇಕು ಇಲ್ಲವೇ ಬೆರೆಸಬೇಕು. ಮೂರನೆಯದು ನಮಗೆ ಹೊಸದೇನಲ್ಲ, ಅಕ್ಕಡಿ ಸಾಲು ಅದೇ ಅಲ್ವಾ? ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲಿನ ನಡುವೆ ನೀರು ಇಂಗಲು ಒಂದು ಕಾಲುವೆ ತೆಗೆಯಿರಿ. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತದೆ, ಎಲೆ ಉದುರಿಸುತ್ತಾ ನೆಲ ಮುಚ್ಚುತ್ತದೆ. ಊರಿನ ಹಿರಿಯರ ಜೊತೆ ಮಾತು ಇಲ್ಲಿಂದಲೇ ಎತ್ತಿ.

ಈಗ ಮೇವಿನ ಲೆಕ್ಕ. ಗೋದಲಿ ಮುಂದೆ ಬೆಳಿಗ್ಗೆ ಒಮ್ಮೆ ನಿಂತು ನೋಡಿ. ಉದ್ದ ಹುಲ್ಲು ಹಾಗೇ ಹಾಕಿದ ಮನೆಗಳಲ್ಲಿ ಬುಡದ ದಪ್ಪ ಕಡ್ಡಿಯೆಲ್ಲ ಹಸುವಿನ ಕಾಲಡಿ ಬಿದ್ದಿರುತ್ತದೆ, ಗಂಜಲದಲ್ಲಿ ನೆನೆದು ತಿಪ್ಪೆಗೆ ಹೋಗುತ್ತದೆ. ಹಸು ಹೇಗೂ ಬಿಡುವ ಆ ಬುಡವನ್ನು ಹೊಲದಲ್ಲೇ ಬಿಟ್ಟರೆ ಆಯಿತು. ರಾಗಿಯನ್ನು ನೆಲಮಟ್ಟಕ್ಕೆ ಕೊಯ್ಯುವ ಬದಲು ಅರ್ಧ ಗೇಣಿನಿಂದ ಒಂದು ಗೇಣು ಮೇಲೆ ಕುಡುಗೋಲು ಹಾಕಿಸಿ, ಮನೆಗೆ ಬಂದ ಹುಲ್ಲನ್ನು ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ತಿನ್ನಿಸಿ. ಪೋಲಾಗುವುದು ಕಡಿಮೆಯಾಗುತ್ತದೆ. ಬದುವಿನ ಮೇಲೆ ಮೇವಿನ ಸೊಪ್ಪಿಗೆ ಅಗಸೆ ಮರ, ಸುಬಾಬುಲ್ ಮರ ಇರಲಿ. ನೀರಿದ್ದವರು ಸ್ವಲ್ಪ ಮೇವಿನ ಜೋಳ ಹಾಕಿ ರಸಮೇವು (ಹಸಿ ಮೇವನ್ನು ಕತ್ತರಿಸಿ ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ್ದು) ಮಾಡಿಟ್ಟುಕೊಳ್ಳಲಿ.

ಹೊದಿಕೆಗೆ ಹುಲ್ಲೇ ಬೇಕು ಅಂತೇನಿಲ್ಲ. ತಿಪಟೂರು, ಗುಬ್ಬಿ ಕಡೆ ತೆಂಗಿನ ಗರಿ, ಮಟ್ಟೆ ಇದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಇದೆ. ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಕಡ್ಡಿಯನ್ನು ಮಳೆ ಹಿಡಿಯುವಾಗ ಬದುವಿನ ಮೇಲೆ ನೆಟ್ಟರೆ ಚಿಗುರಿಕೊಳ್ಳುತ್ತದೆ, ಹಸಿ ಸೊಪ್ಪಿನ ವಾಸನೆಗೆ ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಆದ್ದರಿಂದ ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುರುಳಿ. ಭರಣಿ, ಕೃತ್ತಿಕೆ ಮಳೆಗೆ (ಏಪ್ರಿಲ್ ಕೊನೆಯಿಂದ ಮೇವರೆಗೆ) ಖಾಲಿ ಹೊಲಕ್ಕೆ ಚೆಲ್ಲಿ. ರಾಗಿ ಬಿತ್ತುವ ಹೊತ್ತಿಗೆ ಮಂಡಿ ಹತ್ತಿರ ಹಬ್ಬಿರುತ್ತದೆ. ಒಂದಷ್ಟು ಕೊಯ್ದು ಹಸುವಿಗೆ ಹಾಕಿ, ಉಳಿದದ್ದನ್ನು ಕತ್ತರಿಸಿ ಅಲ್ಲೇ ಹರಡಿ. ಹಸುವಿಗೂ ಸಿಕ್ಕಿತು, ಮಣ್ಣಿಗೂ ಸಿಕ್ಕಿತು.

ಶೇ 30 ಮುಚ್ಚಿದೆಯೋ ಇಲ್ಲವೋ ಅಂತ ಅಳೆಯುವುದು ಸುಲಭ. ಉದ್ದನೆಯ ಹಗ್ಗಕ್ಕೆ ಸಮ ಅಂತರದಲ್ಲಿ 50 ಗಂಟು ಹಾಕಿ. ಸಾಲಿಗೆ ಓರೆಯಾಗಿ ಹೊಲದ ಮೇಲೆ ಎಳೆದು ಹಿಡಿದು, ಎಷ್ಟು ಗಂಟಿನ ಕೆಳಗೆ ಕಡ್ಡಿ, ಎಲೆ ಇದೆ ಎಣಿಸಿ. 15 ಸಿಕ್ಕರೆ ಶೇ 30. ನಾಲ್ಕೈದು ಜಾಗದಲ್ಲಿ ನೋಡಿ ಸರಾಸರಿ ತೆಗೆಯಿರಿ.

ಉಳುಮೆ ವಿಷಯದಲ್ಲಿ ದಯವಿಟ್ಟು ಆತುರ ಬೇಡ. ನಮ್ಮ ಕೆಂಪು ಮಣ್ಣು ಮಳೆ ಬಿದ್ದು ಒಣಗಿದರೆ ಮೇಲೆ ಹೆಪ್ಪುಗಟ್ಟುತ್ತದೆ. ಹೊದಿಕೆ ಇಲ್ಲದೆ ಉಳುಮೆ ಮಾತ್ರ ಬಿಟ್ಟರೆ ನೀರು ಇಂಗದೆ ಹರಿದು ಹೋಗುತ್ತದೆ, ಇಳುವರಿ ಬೀಳುತ್ತದೆ, ಆಮೇಲೆ ನಿಮ್ಮ ಮಾತನ್ನು ಊರಲ್ಲಿ ಯಾರೂ ನಂಬುವುದಿಲ್ಲ. ಮೊದಲು ರೋಟವೇಟರ್ ಬಿಡಿಸಿ, ಅದು ಮಣ್ಣನ್ನು ಹಿಟ್ಟು ಮಾಡಿ ಹೆಪ್ಪು ಇನ್ನೂ ಜಾಸ್ತಿ ಮಾಡುತ್ತದೆ. ಮೂರು ನಾಲ್ಕು ಸಲ ಉಳುವವರು ಒಂದು ಸಲಕ್ಕೆ ಇಳಿಯಲಿ, ಇಳಿಜಾರಿಗೆ ಅಡ್ಡವಾಗಿ ಉಳಲಿ. ಮೊದಲ ವರ್ಷ ಇಳುವರಿ ಏರುತ್ತದೆ ಅಂತ ಹೇಳಬೇಡಿ. ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ ಅನ್ನಿ, ಅದು ನಿಜ.

ಕಳೆ ಇದ್ದೇ ಇರುತ್ತದೆ. ಉಳುಮೆ ಕಡಿಮೆಯಾದಾಗ ಕಳೆ ಕೀಳುವ ಭಾರ ಹೆಂಗಸರ ಬೆನ್ನಿಗೆ ಬೀಳುತ್ತದೆ, ಈ ಮಾತನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಸಾಲು ಬಿತ್ತನೆ ಮಾಡಿಸಿ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಆಡುವಷ್ಟು ಜಾಗ ಬಿಡಿಸಿ. ತೀರ್ಮಾನ ಮಾಡುವಾಗ ಅವರನ್ನೂ ಕೂರಿಸಿಕೊಳ್ಳಿ.

ತೋರಿಸುವುದು ಹೇಗೆ? ಡೇರಿ ಮುಂದೆ ಹಾಲು ಹಾಕಲು ಜನ ಸೇರುವ ಹೊತ್ತಿಗೆ ಎರಡು ಗಾಜಿನ ಲೋಟ ನೀರು ಇಡಿ. ಒಂದಕ್ಕೆ ವರ್ಷವೂ ಉಳುವ ಹೊಲದ ಒಣ ಹೆಂಟೆ, ಇನ್ನೊಂದಕ್ಕೆ ಹೊಂಗೆ ಮರದ ಕೆಳಗೆ, ಎಲೆ ಕೊಳೆತ ಜಾಗದ ಒಣ ಹೆಂಟೆ, ಮೆಲ್ಲಗೆ ಬಿಡಿ. ಮೊದಲನೆಯದು ನೋಡನೋಡುತ್ತಲೇ ಕರಗಿ ನೀರು ಕೆಂಪಾಗುತ್ತದೆ. ಎರಡನೆಯದು ಬಹಳ ಹೊತ್ತು ಹಾಗೇ ಕೂತಿರುತ್ತದೆ. ಭಾಷಣ ಬೇಕಾಗಿಲ್ಲ. ಆಮೇಲೆ ಯಾರಾದರೂ ಒಬ್ಬರು ಒಪ್ಪಿದರೆ ಇಡೀ ಎಕರೆ ಕೇಳಬೇಡಿ, ದಾರಿ ಪಕ್ಕದ ನಾಲ್ಕು ಗುಂಟೆ ಸಾಕು. ಮಳೆ ಕೈಕೊಟ್ಟ ಹತ್ತನೇ ದಿನ ಅಲ್ಲೂ ಪಕ್ಕದ ಹೊಲದಲ್ಲೂ ಗುದ್ದಲಿ ಹಾಕಿ, ತೇವ ಎಷ್ಟು ಆಳಕ್ಕಿದೆ ಅಂತ ಅವರ ಕೈಯಿಂದಲೇ ಮುಟ್ಟಿಸಿ.

ಇನ್ನು ಕುರಿಗಾಹಿಗಳು. ಶಿರಾ, ಪಾವಗಡ, ಮಧುಗಿರಿ ಕಡೆ ಸುಗ್ಗಿ ಮುಗಿದರೆ ಹೊಲ ಎಲ್ಲರದ್ದು, ಮಂದೆ ಬಂದೇ ಬರುತ್ತದೆ. ತಡೆಯಲು ಹೋಗಬೇಡಿ, ಕುರಿ ಗೊಬ್ಬರ ನಮಗೂ ಬೇಕು. ಒಂದೆರಡು ರಾತ್ರಿ ಮಂದೆ ಹಾಕಿಸಿ, ಆಮೇಲೆ ಕೂಳೆ (ಕೊಯ್ದು ಉಳಿದ ಬುಡ) ಉಳಿಯುವ ಹಾಗೆ ಎಬ್ಬಿಸಿಕೊಂಡು ಹೋಗಲಿ ಅಂತ ಕೊಯ್ಲಿಗೆ ಮೊದಲೇ ಮಾತಾಡಿಕೊಳ್ಳಿ. ನೆಲ ಹಸಿಯಿರುವಾಗ ಮಾತ್ರ ಬೇಡ, ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ.

ತಾಂತ್ರಿಕ ಸಲಹೆಗೆ ತುಮಕೂರಿನವರಿಗೆ ಹಿರೇಹಳ್ಳಿ, ಕೊನೇಹಳ್ಳಿ, ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರು ಕೃಷಿ ವಿಜ್ಞಾನ ಕೇಂದ್ರಗಳಿವೆ. ಬಿತ್ತನೆ ಯಂತ್ರ ಬಾಡಿಗೆಗೆ ಬೇಕಿದ್ದರೆ ಸರ್ಕಾರದ ಯಂತ್ರ ಬಾಡಿಗೆ ಕೇಂದ್ರವಾದ ಕೃಷಿ ಯಂತ್ರಧಾರೆಯಲ್ಲಿ ವಿಚಾರಿಸಿ. ಹದ ಬಂದಾಗ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಮೊದಲೇ ಹೇಳಿಟ್ಟಿರಿ.