ಮಾಯದ ಗಾಯ ಮತ್ತು ಟಿಡಿ ಲೆಕ್ಕ: ಡ್ರೆಸ್ಸಿಂಗ್ ಕೋಣೆಯ ಅನುಭವ

ಹೊಲದಲ್ಲಿ ಕುಡಗೋಲು ತಾಗಿದರೆ ನಮ್ಮ ಕಡೆ ಮಂದಿ ಅವತ್ತೇ ಬಂದು ಧನುರ್ವಾಯು (ಟೆಟನಸ್) ತಡೆಯುವ ಸೂಜಿ ಹಾಕಿಸಿಕೊಳ್ಳುತ್ತಾರೆ; ಮೊದಲು ಅದು ಟಿಟಿ, ಈಗ ಡಿಫ್ತೀರಿಯಾ ಲಸಿಕೆಯೂ ಸೇರಿದ ಟಿಡಿ. ಅದೇ ಶುಗರ್‌ನಿಂದ ಅಂಗಾಲಿಗೆ ಆದ ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೂತರೆ ಧನುರ್ವಾಯು ಯಾರ ನೆನಪಿಗೂ ಬರುವುದಿಲ್ಲ. ‘ಇವತ್ತು ಪೆಟ್ಟಾಯಿತು’ ಅನ್ನುವಂಥ ದಿನವೇ ಅಲ್ಲಿಲ್ಲವಲ್ಲ! ಧನುರ್ವಾಯು ತರುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಟೆಟನಿಯ ಸ್ಪೋರ್ (ಬೀಜದಂಥ ರೂಪ) ಮೊಳೆಯಲು ಬೇಕಾದದ್ದು ಆಮ್ಲಜನಕ ಸಿಗದ ಸತ್ತ ಮಾಂಸ. ರಕ್ತ ಸರಿಯಾಗಿ ಹರಿಯದ ಹಳೇ ಹುಣ್ಣಿನ ತಳದಲ್ಲಿ ಅದು ಧಾರಾಳವಾಗಿದೆ. ಮೇಲೆ ಕುಂದಗೋಳ, ನವಲಗುಂದದ ಎರಿ ಮಣ್ಣು, ಹೆಂಡಿ ಸಾರಿಸಿದ ಅಂಗಳ, ಬರಿಗಾಲು.

ಅದಕ್ಕೇ ಇಂಥ ರೋಗಿ ಹೊಸದಾಗಿ ಬಂದರೆ ಬ್ಯಾಂಡೇಜ್ ಬಿಚ್ಚುವ ಮೊದಲು ಲಸಿಕೆಯ ಲೆಕ್ಕ ತೆಗೆಯುತ್ತೇನೆ. ‘ಅಜ್ಜಾರ, ಟಿಟಿ ಹಾಕ್ಸೀರೇನ್ರಿ?’ ಅಂದರೆ ‘ಹೂನ್ರಿ, ಭಾಳ ಸಲ ಹಾಕ್ಸೇನ್ರಿ’ ಅನ್ನುತ್ತಾರೆ. ಈ ಉತ್ತರದಿಂದ ಏನೂ ಗೊತ್ತಾಗದು. ಗಾಯಕ್ಕೆ ಕೊಟ್ಟ ಸೂಜಿಯೆಲ್ಲ ಅವರ ಪಾಲಿಗೆ ಟಿಟಿಯೇ. ಹುಟ್ಟಿದ ವರ್ಷ ಕೇಳುವುದು ಹೆಚ್ಚು ಉಪಯೋಗ. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ, ಹಳ್ಳಿಹಳ್ಳಿಗೆ ಹಬ್ಬಿದ್ದು 1985ರ ನಂತರ. ಅದಕ್ಕೂ ಮೊದಲು ಹುಟ್ಟಿದ ಗಂಡಸರಲ್ಲಿ ಮೂರು ಡೋಸ್ ಪೂರ್ತಿಯಾದವರು ಕಡಿಮೆ. ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಕೊಟ್ಟದ್ದೂ ಲೆಕ್ಕಕ್ಕೆ ಬರುತ್ತದೆ. ತಾಯಿ ಕಾರ್ಡ್ ಇದ್ದರೆ ತರಿಸುತ್ತೇನೆ. ಬರವಣಿಗೆಯಲ್ಲಿ ಇಲ್ಲದ್ದನ್ನು ಸೊನ್ನೆ ಎಂದೇ ಹಿಡಿಯುತ್ತೇನೆ. ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ ಮಾಡಿಸುವ ಗೋಜಿಗೆ ಹೋಗುವುದಿಲ್ಲ. ವರದಿ ಬರುವಷ್ಟರಲ್ಲಿ ಸೂಜಿಯೇ ಕೊಟ್ಟು ಮುಗಿದಿರುತ್ತದೆ.

ಮೂರು ಡೋಸ್ ದಾಖಲೆ ಇದ್ದು, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಒಂದು ಟಿಡಿ. ದಾಟಿಲ್ಲವೆಂದರೆ ಏನೂ ಬೇಡ. ದಾಖಲೆಯೇ ಇಲ್ಲದಿದ್ದರೆ ಇವತ್ತು ಒಂದು, 4 ವಾರಕ್ಕೆ ಎರಡನೆಯದು, ಅದಾದ 6ರಿಂದ 12 ತಿಂಗಳಲ್ಲಿ ಮೂರನೆಯದು. ನಡುವೆ ತಡವಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ದಿನ ಬಿಟ್ಟು ದಿನ ಡ್ರೆಸ್ಸಿಂಗ್‌ಗೆ ಬರುವ ರೋಗಿಗೇ ಎರಡನೇ ಡೋಸ್ ತಪ್ಪುವುದು ವಿಚಿತ್ರ, ಆದರೆ ತಪ್ಪುತ್ತದೆ. ತಾರೀಖು ಬರೆದುಕೊಟ್ಟರೆ ಮರೆಯುತ್ತಾರೆ, ಹಬ್ಬ ಹೇಳಿದರೆ ಮರೆಯುವುದಿಲ್ಲ. ಬಸವ ಜಯಂತಿಗೆ ಮೊದಲನೆಯದು ಬಿದ್ದರೆ ಕಾರಹುಣ್ಣಿವಿ ಮುಗಿಸಿ ಎರಡನೆಯದು, ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿ ಬಂದಮೇಲೆ ಮೂರನೆಯದು. ಅಂತರ ಸರಿಹೊಂದುತ್ತದೆ. ಶುಗರ್ ಪುಸ್ತಕದ ಹೊರ ರಟ್ಟಿನ ಮೇಲೇ ಬರೆಯುತ್ತೇನೆ. ಒಳಗಿನ ಹಾಳೆ ಯಾರೂ ತಿರುವುವುದಿಲ್ಲ.

ಮೊದಲ ಡೋಸ್ ಬಿದ್ದ ಕೂಡಲೇ ರಕ್ಷಣೆ ಬರುವುದಿಲ್ಲ. ನೆಚ್ಚುವಷ್ಟು ಆಂಟಿಬಾಡಿ ಏಳುವುದು ಎರಡನೇ ಡೋಸ್ ನಂತರ. ಅಷ್ಟರವರೆಗೆ ಗಾಯ ಸುಮ್ಮನಿರುತ್ತದೆಯೇ? ಕರ್ರಗೆ ಸತ್ತ ಮಾಂಸ ಇದ್ದು, ಮಣ್ಣು ಹೊಕ್ಕು, ಅಥವಾ ಮನೆಯಲ್ಲಿ ಬೂದಿ, ಹೆಂಡಿ ಹಚ್ಚಿದ್ದರೆ ಅದೇ ದಿನ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಆಂಟಿಬಾಡಿಯ ಸೂಜಿ) ಕೂಡ ಬೇಕು: 250 ಐಯು (ಅಂತಾರಾಷ್ಟ್ರೀಯ ಯೂನಿಟ್), ಹೊಲಸು ಹೊಕ್ಕು 24 ತಾಸು ದಾಟಿದ್ದರೆ 500. ಬೇರೆ ಸಿರಿಂಜು, ಬೇರೆ ತೋಳು. ಚೀಟಿಯಲ್ಲಿ ಪೂರ್ತಿ ಹೆಸರು ಬರೆಯಬೇಕು. ಚುಟುಕಾಗಿ ಗೀಚಿದರೆ ಮೆಡಿಕಲ್ ಶಾಪಿನವರು ಬರೀ ಲಸಿಕೆಯ ಆಂಪ್ಯೂಲ್ ಕೊಟ್ಟು ಕಳಿಸುತ್ತಾರೆ. ಆಂಟಿಬಯೋಟಿಕ್ ಇದಕ್ಕೆ ಬದಲಿಯಲ್ಲ. ಸತ್ತ ಮಾಂಸ ಕತ್ತರಿಸಿ ತೆಗೆದು ಸಲೈನ್‌ನಿಂದ ತೊಳೆಯುವ ಕೆಲಸವನ್ನು ಯಾವ ಸೂಜಿಯೂ ಮಾಡಿಕೊಡುವುದಿಲ್ಲ.

ಟಿಡಿ 0.5 ಮಿ.ಲೀ., ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ, 23 ಗೇಜ್ ಸೂಜಿ ನೇರಕ್ಕೆ. ಹುಣ್ಣಿರುವ, ಬಾತ ಕಾಲಿಗೆ ಚುಚ್ಚುವುದಿಲ್ಲ. ರಕ್ತ ತೆಳು ಮಾಡುವ ಗುಳಿಗೆ ನುಂಗುವವರಿಗೆ ಚುಚ್ಚಿದ ಜಾಗ ತಿಕ್ಕದೆ 2 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇನೆ. ಆಮೇಲೆ ಅರ್ಧ ತಾಸು ಕೂರಿಸಿಕೊಳ್ಳುವುದು, ತೀವ್ರ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆಟುಕುವಂತೆ ಇರಬೇಕು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಬ್ಯಾಸಗಿಯಲ್ಲಿ ಹುಬ್ಬಳ್ಳಿಯಿಂದ ತರುವವರು ಕೆಡಬಾರದೆಂದು ಆಂಪ್ಯೂಲನ್ನು ಬರ್ಫದ ನಡುವೆಯೇ ಹುದುಗಿಸುತ್ತಾರೆ. ಹೆಪ್ಪುಗಟ್ಟಿತೆಂದರೆ ಅದರಲ್ಲಿನ ಅಲ್ಯೂಮಿನಿಯಂ ಲವಣ ಗಂಟುಗಟ್ಟಿ ಲಸಿಕೆ ಸತ್ತಂತೆ. ಅಲುಗಾಡಿಸಿದಾಗ ಒಂದೇ ಸಮ ಬೆಳ್ಳಗಾಗಬೇಕು. ಚೂರುಚೂರು ಕಂಡು ಬೇಗ ತಳಕ್ಕೆ ಕೂತರೆ ಚೆಲ್ಲುತ್ತೇನೆ.

ಆರು ತಿಂಗಳಿಗೊಮ್ಮೆ ಹಾಕಿಸಿದರೆ ಒಳ್ಳೆಯದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಪದೇ ಪದೇ ಕೊಟ್ಟವರಿಗೆ ಕೆಲವೇ ತಾಸಿನಲ್ಲಿ ಭುಜದಿಂದ ಮೊಳಕೈವರೆಗೆ ತೋಳು ಬಾತು ಕೆಂಪಾಗುವುದುಂಟು. ಅಂಥವರಿಗೆ ಮುಂದಿನ 10 ವರ್ಷ ಟಿಡಿ ಇಲ್ಲ.

ಕಾಯಿಲೆ ಬಂದೇಬಿಟ್ಟರೆ ಮೊದಲು ಕಾಣುವುದು ಬಾಯಿ ತೆರೆಯಲಾಗದಿರುವುದು, ಕೆಲವೊಮ್ಮೆ ಹುಣ್ಣಿರುವ ಕಾಲಷ್ಟೇ ಸೆಟೆದುಕೊಳ್ಳುವುದು. ಕಾಲು ಸೆಟೆದದ್ದನ್ನು ‘ನರ ಹಿಡಕೊಂಡೈತಿ’ ಎಂದು ಎಣ್ಣೆ ತಿಕ್ಕಿಸುತ್ತಾರೆ. ಬಾಯಿಯ ವಿಷಯದಲ್ಲಿ ನಮ್ಮ ಕಡೆ ಇನ್ನೊಂದು ತೊಡಕು ಗುಟ್ಕಾ: ತಿನ್ನುವವರ ಬಾಯಿ ಮೊದಲೇ ಎರಡು ಬೆರಳು ಹೋಗದಷ್ಟು ಬಿಗಿದಿರುತ್ತದೆ. ಆ ಬಿಗಿತ ವರ್ಷಗಟ್ಟಲೆ ಬೆಳೆದದ್ದು, ಕೆನ್ನೆಯೊಳಗೆ ಬಿಳಿಚಿದ ಪಟ್ಟಿ ಬೆರಳಿಗೆ ಸಿಗುತ್ತದೆ. ಧನುರ್ವಾಯುವಿನದು ಒಂದೆರಡು ದಿನದ್ದು, ದವಡೆಯ ಸ್ನಾಯು ಮುಟ್ಟಿದರೆ ಕಲ್ಲು. ಸ್ಪ್ಯಾಚುಲಾದಿಂದ ಗಂಟಲ ಹಿಂಭಾಗ ಮುಟ್ಟಿ ನೋಡಿ: ವಾಕರಿಕೆ ಬರುವ ಬದಲು ಸ್ಪ್ಯಾಚುಲಾ ಕಚ್ಚಿಹಿಡಿದರೆ ರಕ್ತ ಪರೀಕ್ಷೆಗೆ ಕಾಯಬೇಡಿ. ಬಾಯಿಗೆ ನೀರೂ ಹಾಕದೆ, ಗದ್ದಲ ಮಾಡದೆ, ಐಸಿಯು ಮತ್ತು ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕಳಿಸಿ. ಗುಣವಾಗಿ ಬಂದವರಿಗೂ ಮೂರು ಡೋಸ್ ಕೊಡಬೇಕು. ಈ ಕಾಯಿಲೆ ಬಂದು ಹೋದರೆ ಪ್ರತಿರಕ್ಷೆ ಬರುವುದಿಲ್ಲ.