ಎರಡೂವರೆ ಮಿಲಿಮೀಟರ್ ಅಳೆಯೋದು ಹೇಗೆ?

ಮೆದುಳಿನ ಮೇಲ್ಪದರ ಕಾರ್ಟೆಕ್ಸ್ ಇದ್ಯಲ್ಲ, ಅದರ ದಪ್ಪ ಜಾಗಕ್ಕೆ ತಕ್ಕ ಹಾಗೆ 1ರಿಂದ 4.5 ಮಿಲಿಮೀಟರ್, ಸರಾಸರಿ ಸುಮಾರು 2.5 ಅಷ್ಟೇ. ಯುದ್ಧ, ಅಪಘಾತ, ದೌರ್ಜನ್ಯ ಇಂಥದ್ದನ್ನ ಅನುಭವಿಸಿ ಪಿಟಿಎಸ್‌ಡಿ (ಆಘಾತದ ನಂತರ ಕಾಡೋ ಮಾನಸಿಕ ಕಾಯಿಲೆ) ಬಂದೋರಲ್ಲಿ ಇದು ಕೆಲವು ಕಡೆ ತೆಳ್ಳಗಾಗಿರುತ್ತಾ ಅಂತ ಹುಡುಕ್ತಾರೆ, ಸಿಗೋ ವ್ಯತ್ಯಾಸ ಮಿಲಿಮೀಟರ್‌ನಲ್ಲಿ ಒಂದು ಚೂರು, ಹಾಗಾಗಿ ಅಳತೆಯಲ್ಲಿ ಸ್ವಲ್ಪ ಎಡವಿದ್ರೂ ಇಲ್ಲದ ಕಾಯಿಲೆ ಕಂಡುಬಿಡುತ್ತೆ.

ಮೊದ್ಲು ಜನ. ಪಿಟಿಎಸ್‌ಡಿ ಇರೋರು, ಏನೂ ಆಗದೋರು ಅಂತ ಎರಡೇ ಗುಂಪು ಸಾಲ್ದು, ಅಂಥದ್ದೇ ಆಘಾತ ಆಗಿಯೂ ಪಿಟಿಎಸ್‌ಡಿ ಬರದೇ ಇರೋರೂ ಬೇಕು. ಇಲ್ದಿದ್ರೆ ವ್ಯತ್ಯಾಸ ಆಘಾತದ್ದಾ ಕಾಯಿಲೆದ್ದಾ ಗೊತ್ತಾಗಲ್ಲ. ಕಾಯಿಲೆ ಇದ್ಯಾ ಅಂತ ತೀರ್ಮಾನ ಆಗೋದು ಕ್ಯಾಪ್ಸ್-5 ಅನ್ನೋ 30 ಅಂಶಗಳ ಸಂದರ್ಶನದಲ್ಲಿ, ಸ್ಕ್ಯಾನ್ ನೋಡಿ ಅಲ್ಲ.

ಆಮೇಲೆ ಎಂಆರ್‌ಐ ಸ್ಕ್ಯಾನ್. 3 ಟೆಸ್ಲಾ (ಅಯಸ್ಕಾಂತದ ಶಕ್ತಿಯ ಅಳತೆ) ಮಷೀನು, ಮೆದುಳಿನ ಬಿಳಿ, ಬೂದು ಭಾಗ ಬೇರೆ ಬೇರೆ ಕಾಣೋ ಟಿ1 ಚಿತ್ರ, ಆ ಚಿತ್ರ ಕಟ್ಟೋ 1 ಮಿಲಿಮೀಟರ್ ಗಾತ್ರದ ಚೌಕಗಳು, ಐದಾರು ನಿಮಿಷದ ಕೆಲಸ. ಇಲ್ಲೇ ದೊಡ್ಡ ಗುಂಡಿ ಇರೋದು: ತಲೆ ಸ್ವಲ್ಪ ಅಲುಗಾಡಿದ್ರೆ ಚಿತ್ರ ಮಸುಕಾಗಿ ಕಾರ್ಟೆಕ್ಸ್ ಇರೋದಕ್ಕಿಂತ ತೆಳ್ಳಗೆ ಬರುತ್ತೆ. ಇಕ್ಕಟ್ಟಾದ ಕೊಳವೆ, ಟಕಟಕ ಸದ್ದು, ಅದ್ರಲ್ಲಿ ಮಲಗಿರೋದು ಸದ್ದಿಗೆ ಬೆಚ್ಚಿಬೀಳೋ ಮನುಷ್ಯ, ಅವನು ಬೇರೆಯವರಿಗಿಂತ ಜಾಸ್ತಿ ಅಲುಗಾಡಿದ್ರೆ ನಿಮ್ಮ ‘ಫಲಿತಾಂಶ’ ಬರೀ ಅಲುಗಾಟದ್ದೇ ಆಗಿರಬಹುದು! ಮುಂಚೆನೇ ಸದ್ದು ಕೇಳಿಸಿ, ತಲೆ ಪಕ್ಕ ಸ್ಪಂಜು ತುರುಕಿ, ಕೈಗೆ ಅಲಾರಾಂ ಬಟನ್ ಕೊಟ್ಟು ಧೈರ್ಯ ಹೇಳಿ.

ಪರದೆ ಮೇಲೆ ಸ್ಕೇಲ್ ಹಿಡಿದು ಅಳೆಯಕ್ಕಾಗಲ್ವಾ ಅಂದ್ರೆ ಆಗಲ್ಲ. ಈರುಳ್ಳಿನ ಓರೆಯಾಗಿ ಹೆಚ್ಚಿದ್ರೆ ಪದರ ದಪ್ಪ ಕಾಣುತ್ತಲ್ಲ, ಮಡಿಕೆ ಮಡಿಕೆಯಾಗಿರೋ ಮೆದುಳಿನ ಕಥೆನೂ ಅದೇ. ಅದಕ್ಕೇ ಫ್ರೀಸರ್ಫರ್ ಅನ್ನೋ ಉಚಿತ ಸಾಫ್ಟ್‌ವೇರ್. ಬಾಸ್ಟನ್‌ನ ಬ್ರೂಸ್ ಫಿಶ್ಲ್, ಆಂಡರ್ಸ್ ಡೇಲ್ 2000ದಲ್ಲಿ ಪ್ರಕಟಿಸಿದ ವಿಧಾನ: ಕಾರ್ಟೆಕ್ಸ್ ಕೆಳಗಿರೋ ಬಿಳಿ ಭಾಗದ ಅಂಚಿಗೊಂದು, ಕಾರ್ಟೆಕ್ಸ್‌ನ ಹೊರಗಿನ ಅಂಚಿಗೊಂದು ಜಾಲರಿ ಹೊದಿಸಿ, ಒಳಗಿಂದ ಹೊರಕ್ಕೆ ಮತ್ತೆ ಹೊರಗಿಂದ ಒಳಕ್ಕೆ ಹತ್ತಿರದ ದೂರ ಅಳೆದು ಎರಡರ ಸರಾಸರಿ ತೆಗೆಯೋದು. ಬಣ್ಣ ಬದಲಾಗೋ ರೀತಿ ನೋಡಿ ಅಂಚು ಹುಡುಕೋದ್ರಿಂದ ಚೌಕಕ್ಕಿಂತ ಸಣ್ಣ ವ್ಯತ್ಯಾಸನೂ ಸಿಗುತ್ತೆ. ‘ರೀಕಾನ್-ಆಲ್’ ಅಂತ ಕಮಾಂಡ್ ಕೊಟ್ಟು ಬಿಟ್ರೆ ಒಂದೊಂದು ತಲೆಗೆ ಗಂಟೆಗಟ್ಟಲೆ ತಗೊಳುತ್ತೆ, ರಾತ್ರಿ ಹಾಕಿ ಮನೆಗೆ ಹೋಗಿ.

ಬೆಳಿಗ್ಗೆ ಬಂದು ಅಂಕಿ ತೆಗೆಯೋಕೆ ಮುಂಚೆ ಕಣ್ಣಲ್ಲೇ ನೋಡಿ. ಹಳದಿ ಗೆರೆ ಒಳಗಿನ ಅಂಚು, ಕೆಂಪು ಗೆರೆ ಹೊರಗಿಂದು. ಕೆಂಪು ಗೆರೆ ಕೆಲವೊಮ್ಮೆ ಮೆದುಳು ಬಿಟ್ಟು ಆಚೆಯ ಡ್ಯೂರಾ ಪೊರೆ ಮೇಲೆ ಹತ್ತಿ ಕೂತಿರುತ್ತೆ, ಅಲ್ಲಿ ಕಾರ್ಟೆಕ್ಸ್ ಸುಮ್ನೆ ದಪ್ಪ ಆಗ್ಬಿಡುತ್ತೆ. ಪೊರೆ ಅಳಿಸಿ ಮತ್ತೆ ಓಡಿಸ್ಬೇಕು. ಬೇಜಾರು ಕೆಲಸ, ಆದ್ರೂ ಬಿಡಂಗಿಲ್ಲ. ಯಾರದ್ದು ಯಾವ ಗುಂಪು ಅಂತ ಗೊತ್ತಿಲ್ಲದೋರ ಕೈಲಿ ಮಾಡಿಸಿದ್ರೆ ಒಳ್ಳೇದು.

ಕೊನೆಗೆ ಲೆಕ್ಕ. ಕಾರ್ಟೆಕ್ಸನ್ನ ಭಾಗ ಮಾಡೋ ಡೆಸಿಕನ್-ಕಿಲಿಯನಿ ನಕ್ಷೆಯಲ್ಲಿ ಮೆದುಳಿನ ಒಂದೊಂದು ಬದಿಗೆ 34 ಭಾಗ. ವಯಸ್ಸು, ಲಿಂಗ, ಯಾವ ಮಷೀನು ಎಲ್ಲಾ ಲೆಕ್ಕಕ್ಕೆ ಹಾಕಿ, 68 ಸಲ ಹುಡುಕಿದ್ರೆ ಒಂದೆರಡು ಕಡೆ ಸುಮ್ನೆ ಸಿಗುತ್ತೆ ಅನ್ನೋದಕ್ಕೂ ತಿದ್ದುಪಡಿ ಮಾಡಿ.

ತೆಳ್ಳಗಿದ್ದದ್ದು ನಿಜ ಅಂತ ಬಂದ್ರೂ ಆಘಾತದಿಂದ ಹಂಗಾಯ್ತು ಅನ್ಬೇಡಿ. ಕಾರ್ಟೆಕ್ಸ್ ಅಲ್ಲ, ಹಿಪ್ಪೊಕ್ಯಾಂಪಸ್ ಅನ್ನೋ, ನೆನಪಿಗೆ ಬೇಕಾದ ಮೆದುಳಿನ ಭಾಗದ ವಿಷಯದಲ್ಲಿ 2002ರಲ್ಲಿ ಹೀಗಾಯ್ತು: ವಿಯೆಟ್ನಾಂ ಯುದ್ಧದಿಂದ ತೀವ್ರ ಪಿಟಿಎಸ್‌ಡಿ ಜೊತೆ ಬಂದ ಅಮೆರಿಕದ ಸೈನಿಕರಲ್ಲಿ ಅದು ಚಿಕ್ಕದಿತ್ತು, ಯುದ್ಧಕ್ಕೇ ಹೋಗದೆ ಮನೇಲಿದ್ದ ಅವರ ಅವಳಿ ಸೋದರರಲ್ಲೂ ಅಷ್ಟೇ ಚಿಕ್ಕದಿತ್ತು.